ಇಳಿದು ನೋಡಿ, ಆಮೇಲೆ ಗಾಡಿ ತೆಗೆ: ಪಾರ್ಕ್ ಕೆಲಸದಲ್ಲಿ ನನ್ನ ಅನುಭವ

ಪಾರ್ಕಿನ ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇತ್ತು. ಬಂದ ದಿನವೇ ಕೀ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟಿದ್ದು ಉದ್ದ ಹಿಡಿಯ ಪೊರಕೆ ಮತ್ತು ಒಂದು ಮಂಕರಿ. ಮೊದಲ ಎಂಟು ತಿಂಗಳು ತರಗೆಲೆ ಗುಡಿಸಿದೆ, ಪಾತಿ ಮಾಡಿದೆ, ಕಳೆ ಕಿತ್ತೆ, ಕಸದ ಡಬ್ಬ ಖಾಲಿ ಮಾಡಿದೆ, ಬೆಂಚು ಮತ್ತು ಉಯ್ಯಾಲೆಗಳ ಬೋಲ್ಟ್ ಬಿಗಿ ಮಾಡಿದೆ. ಆಗ ಬೇಜಾರಾಗುತ್ತಿತ್ತು. ಆದರೆ ಆ ಎಂಟು ತಿಂಗಳು ಇಲ್ಲದಿದ್ದರೆ ಪಾರ್ಕಿನೊಳಗೆ ಗಾಡಿ ಓಡಿಸುವ ಅರ್ಹತೆಯೇ ನನಗೆ ಬರುತ್ತಿರಲಿಲ್ಲ.

ರಸ್ತೆ ಇರುವುದೇ ಗಾಡಿಗೋಸ್ಕರ. ಪಾರ್ಕ್ ಹಾಗಲ್ಲ. ಅಲ್ಲಿ ಹುಲ್ಲಿನ ಮೇಲೆ ಮಲಗಿದವರಿರುತ್ತಾರೆ, ಕಿವಿಗೆ ಹಾಡು ಹಾಕಿಕೊಂಡು ನಡೆಯುವವರಿರುತ್ತಾರೆ, ಯಾವ ಕಡೆಯಿಂದ ಓಡಿ ಬರುತ್ತಾರೋ ಗೊತ್ತಾಗದ ಮಕ್ಕಳಿರುತ್ತಾರೆ. ಅವರು ಯಾರೂ ಗಾಡಿ ಬರುತ್ತದೆ ಅಂತ ಎಚ್ಚರವಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ನೆಲದ ಕೆಳಗೆ ನೀರಿನ ಪೈಪು, ದೀಪದ ಕಂಬದ ಕೇಬಲ್, ಮರದ ಬೇರು. ಇದೆಲ್ಲ ಸೀಟಿನ ಮೇಲಿಂದ ಕಾಣುವುದಿಲ್ಲ. ಪೊರಕೆ ಹಿಡಿದು ಓಡಾಡಿದವನಿಗೆ ಎಲ್ಲಿ ನೆಲ ಮೆತ್ತಗಿದೆ, ಯಾವ ಚರಂಡಿ ಮುಚ್ಚಳ ಅಲ್ಲಾಡುತ್ತದೆ, ಯಾವ ಹೊತ್ತಿಗೆ ಯಾವ ಮೂಲೆಯಲ್ಲಿ ಮಕ್ಕಳು ಆಡುತ್ತಾರೆ ಅಂತ ಗೊತ್ತಿರುತ್ತದೆ.

ನನಗೆ ಕೆಲಸ ಕಲಿಸಿದ ಹಿರಿಯ ಡ್ರೈವರ್ ಒಬ್ಬರಿದ್ದರು. ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ನಾನು ಸೀಟಿಗೆ ಹತ್ತಿದರೆ ಸಾಕು, ಅವರದು ಒಂದೇ ಪ್ರಶ್ನೆ. "ಇಳಿದು ನೋಡಿದ್ಯೇನೋ?" ನೋಡಿದೆ ಅಣ್ಣ ಅಂದರೆ, "ಏನ್ ಕಂಡಿತು ಹೇಳು" ಅನ್ನುತ್ತಿದ್ದರು. ಸುಮ್ನೆ ಒಂದು ಸುತ್ತು ಬಂದು ಕೂತವನಿಗೆ ಅದಕ್ಕೆ ಉತ್ತರ ಇರುತ್ತಿರಲಿಲ್ಲ. ಮತ್ತೆ ಇಳಿಯಬೇಕಿತ್ತು.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಗಾಡಿ ನೋಡಬೇಕು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ನೋಡುತ್ತೇನೆ. ರೇಡಿಯೇಟರ್ ನೀರು, ಟೈರಿನ ಗಾಳಿ, ಚಕ್ರದ ನಟ್, ಬ್ರೇಕ್, ಹಾರ್ನ್. ಪಾರ್ಕಿನ ಗಾಡಿಗೆ ಇನ್ನೊಂದು ಕಾಟ ಇದೆ. ಹುಲ್ಲಿನ ಪುಡಿ ಮತ್ತು ಬೀಜ ರೇಡಿಯೇಟರ್ ಜಾಲರಿಗೆ ಮೆತ್ತಿಕೊಂಡು ಗಾಳಿಯೇ ಆಡದ ಹಾಗೆ ಮಾಡುತ್ತದೆ. ಎಂಜಿನ್ ಕಾಯುತ್ತಿದೆ ಅಂತ ನೀರು ಸುರಿಯುವವರನ್ನು ನೋಡಿದ್ದೇನೆ, ಜಾಲರಿ ತೆಗೆದು ಬ್ರಷ್‌ನಿಂದ ಉಜ್ಜಿದ್ದರೆ ಮುಗಿಯುತ್ತಿತ್ತು. ಅದೇ ಒಣ ಹುಲ್ಲು ಸೈಲೆನ್ಸರ್ ಸುತ್ತ ಕೂತರೆ ಬೆಂಕಿಯೂ ಹತ್ತಬಹುದು. ಹಾಗಾಗಿ ಸಂಜೆ ನಿಲ್ಲಿಸುವ ಮುಂಚೆ ಅದನ್ನು ತೆಗೆದೇ ಮನೆಗೆ ಹೋಗುವುದು. ಟ್ರ್ಯಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲ್ ಇರುತ್ತವಲ್ವಾ, ಹೊಲದಲ್ಲಿ ತಿರುಗಿಸಲು ಅವನ್ನು ಬಿಡಿಬಿಡಿಯಾಗಿ ಇಟ್ಟಿರುತ್ತಾರೆ. ಪಾರ್ಕಿನಲ್ಲಿ, ರಸ್ತೆಯಲ್ಲಿ ಆ ಎರಡನ್ನೂ ಸೇರಿಸಿ ಕೊಕ್ಕೆ ಹಾಕಿರಲೇಬೇಕು. ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರೇಲರ್ ಸಮೇತ ಗಾಡಿ ಗಿರ್ರನೆ ತಿರುಗಿಬಿಡುತ್ತದೆ.

ರಿವರ್ಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಸಂಜೆ ಆಟದ ಜಾಗದ ಪಕ್ಕದಲ್ಲಿ ಟ್ರೇಲರ್ ತುಂಬಾ ತರಗೆಲೆ ತುಂಬಿ ನಿಲ್ಲಿಸಿದ್ದೆ. ಎರಡು ಮಾರು ಹಿಂದೆ ತೆಗೆದರೆ ಸಾಕಿತ್ತು. ಎರಡೂ ಕನ್ನಡಿ ನೋಡಿದೆ, ಯಾರೂ ಇಲ್ಲ. ಗೇರ್ ಹಾಕಲು ಕೈ ಹೋಗಿತ್ತು. ಅಣ್ಣನ ಪ್ರಶ್ನೆ ಕಿವಿಯಲ್ಲಿ ಕೂತಿತ್ತೋ ಏನೋ, ಇಳಿದೆ. ಟ್ರೇಲರಿನ ಎಡ ಚಕ್ರದ ಹಿಂದೆ ಒಂದು ಮಗು ಮಂಡಿಯೂರಿ ಕೂತು, ಒಂದು ಕೈ ನೆಲಕ್ಕೆ ಊರಿ ಇನ್ನೊಂದು ಕೈಯನ್ನು ಅಡಿಗೆ ಚಾಚಿ ಚೆಂಡನ್ನು ಎಳೆದುಕೊಳ್ಳುತ್ತಿತ್ತು. ಕೆನ್ನೆ ಟೈರಿಗೆ ತಾಗಿತ್ತು. ನಾನು ಬೈಯಲಿಲ್ಲ, ಚೆಂಡು ತೆಗೆದುಕೊಟ್ಟು ಅವರಮ್ಮ ಇದ್ದ ಕಡೆ ಬಿಟ್ಟು ಬಂದೆ. ಆಮೇಲೆ ಸೀಟಿಗೆ ಹತ್ತಲು ಕಾಲೇ ಬರಲಿಲ್ಲ. ಹತ್ತು ನಿಮಿಷ ಮಡ್‌ಗಾರ್ಡ್ ಹಿಡಿದುಕೊಂಡು ನಿಂತೇ ಇದ್ದೆ.

ಅವತ್ತಿನಿಂದ ಒಂಟಿಯಾಗಿ ರಿವರ್ಸ್ ಹಾಕಿಲ್ಲ. ಹಿಂದೆ ಒಬ್ಬರು ನಿಲ್ಲಬೇಕು, ನನ್ನ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು. ಅವರು ಕನ್ನಡಿಯಿಂದ ಮರೆಯಾದ ಕೂಡಲೇ ಗಾಡಿ ನಿಲ್ಲುತ್ತದೆ. ಇನ್ನೂ ಒಳ್ಳೆಯದು ಅಂದರೆ ರಿವರ್ಸೇ ಬೇಕಾಗದ ಹಾಗೆ, ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವ ದಾರಿ ಮೊದಲೇ ಯೋಚಿಸಿಟ್ಟುಕೊಳ್ಳುವುದು. ಒಳಗೆ ನಡೆದು ಹೋಗುವವನ ವೇಗ ಸಾಕು. ಲೇಟಾಯಿತು ಅಂತ ಯಾರು ಕೂಗಿದರೂ ನಾನು ಅದಕ್ಕಿಂತ ಜೋರು ಹೋಗುವುದಿಲ್ಲ.

ಹುಲ್ಲು ಕತ್ತರಿಸುವ ಗಾಡಿಯನ್ನು ಹೊರಗೆ ತೆಗೆಯುವ ಮುಂಚೆಯೂ ಇದೇ ಪಾಠ. ಇಡೀ ಲಾನ್ ನಡೆದು ನೋಡಿ. ಕಲ್ಲು, ತಂತಿ, ಗಾಜಿನ ಚೂರು, ಯಾರೋ ಬಿಟ್ಟುಹೋದ ನಾಯಿಯ ಸರಪಳಿ. ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಬೋಳಿಸಿದ ಹಾಗೆ ಕತ್ತರಿಸಿದರೆ ಎರಡು ವಾರ ಕೆಲಸ ಇರುವುದಿಲ್ಲ ಅಂತ ಕೆಲವರು ಲೆಕ್ಕ ಹಾಕುತ್ತಾರೆ, ಆದರೆ ಬೇರು ಸೊರಗಿ ಬಿಸಿಲಿಗೆ ನೆಲ ಕಾಣುತ್ತದೆ, ಆ ಖಾಲಿ ಜಾಗದಲ್ಲಿ ಕಳೆ ಬರುತ್ತದೆ, ಕೊನೆಗೆ ಕೂತು ಕೀಳುವವರು ನಾವೇ. ಬ್ಲೇಡ್ ಮೊಂಡಾಗಿದೆಯಾ ಅಂತ ತಿಳಿಯಲು ಕತ್ತರಿಸಿದ ಒಂದು ಎಸಳು ಕಿತ್ತು ತುದಿ ನೋಡಿ. ನೀಟಾಗಿ ಕತ್ತರಿಸಿದ್ದರೆ ಸರಿ. ಹರಿದ ಬಟ್ಟೆಯ ಅಂಚಿನ ಹಾಗೆ ನಾರು ನಾರಾಗಿದ್ದರೆ ಸಾಣೆ ಹಿಡಿಸಬೇಕು. ಇಳಿಜಾರಿನಲ್ಲಿ ಕೂತು ಓಡಿಸುವ ಯಂತ್ರವನ್ನು ಮೇಲೆ ಕೆಳಗೆ ನೇರವಾಗಿ ಓಡಿಸಬೇಕು, ಅಡ್ಡಡ್ಡ ಹೋದರೆ ಮಗುಚುತ್ತದೆ. ತಳ್ಳುವ ಯಂತ್ರಕ್ಕೆ ಉಲ್ಟಾ. ಅದನ್ನು ಅಡ್ಡ ತಳ್ಳಬೇಕು, ಇಲ್ಲದಿದ್ದರೆ ಜಾರಿದಾಗ ಕಾಲೇ ಒಳಗೆ ಹೋಗುತ್ತದೆ. 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ನಾನು ಕೂತು ಓಡಿಸುವ ಯಂತ್ರ ಒಯ್ಯುವುದೇ ಇಲ್ಲ.

ಬ್ರಷ್ ಕಟರ್, ಅಂದರೆ ಉದ್ದ ಕೋಲಿನ ತುದಿಯಲ್ಲಿ ನೈಲಾನ್ ದಾರ ತಿರುಗಿಸಿ ಹುಲ್ಲು ಕತ್ತರಿಸುವ ಕೈಯಂತ್ರ, ಹಿಡಿದವರಿಗೆ ಒಂದು ಮಾತು. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು, ಕಣ್ಣಿಗೆ ಕಿವಿಗೆ ರಕ್ಷಣೆ ಇಲ್ಲದೆ ಮುಟ್ಟಬಾರದು, ಇದು ಎಲ್ಲರೂ ಹೇಳುತ್ತಾರೆ. ಪೆಟ್ರೋಲಿಗೆ ಆಯಿಲ್ ಎಷ್ಟು ಅಂತ ಯಂತ್ರದ ಪುಸ್ತಕ ನೋಡಿಯೇ ಬೆರೆಸಿ. 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಮಿಲಿ, ಕಣ್ಣಳತೆ ಬೇಡ. ಆದರೆ ಮರದ ಬಗ್ಗೆ ಹೇಳುವವರು ಕಡಿಮೆ. ಬುಡದ ಹುಲ್ಲು ತೆಗೆಯಲು ಹೋಗಿ ಆ ನೈಲಾನ್ ದಾರ ತೊಗಟೆಗೆ ಬಡಿಯುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಎಳೆ ಗಿಡಕ್ಕೆ ಸುತ್ತಲೂ ಉಂಗುರದ ಹಾಗೆ ಪೆಟ್ಟು ಬಿದ್ದರೆ ಬೇರು ಹಸಿವಿನಿಂದ ಸಾಯುತ್ತದೆ. ಅದಕ್ಕೇ ನಾವು ಬುಡದ ಸುತ್ತ ಹುಲ್ಲನ್ನೇ ಬಿಡದೆ ಪಾತಿ ಮಾಡಿ ತರಗೆಲೆ ಹೊದಿಸುತ್ತೇವೆ. ಯಂತ್ರ ಹತ್ತಿರ ಹೋಗುವ ಕಾರಣವೇ ಇರುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಪಾರ್ಕಿನ ನಡುವೆ ಒಂದು ದೊಡ್ಡ ಮಳೆಮರ. ಅದರ ಆಚೆ ಹೊಸ ಸಸಿಗಳು. ಹಿಂದಿನ ದಿನ ಮಳೆ ಬಂದಿತ್ತು, ಆದರೂ ಸಸಿಗೆ ಗೊಬ್ಬರದ ನೀರು ಕೊಡುವ ದಿನ ಅಂತ 5000 ಲೀಟರ್ ಟ್ಯಾಂಕರ್ ತಂದೆ. ಸುತ್ತಿ ಹೋಗುವ ದಾರಿ ಇತ್ತು. ನಾನು ಮರದ ಕೆಳಗೆ ಹಾಯಿಸಿದೆ. ನೀರಿನ ಭಾರವೇ 5 ಟನ್, ಮೇಲೆ ಟ್ಯಾಂಕು, ಟ್ರ್ಯಾಕ್ಟರು. ಅರ್ಧ ದಾರಿಯಲ್ಲಿ ಹೂತುಕೊಂಡಿತು. ತಪ್ಪಿಸಿಕೊಳ್ಳಲು ಹಿಂದೆ ಮುಂದೆ ಎಳೆದಾಡಿದೆ. ಮೊಣಕಾಲುದ್ದ ಎರಡು ಗಾಲಿ ಜಾಡು ಬಿದ್ದವು. ಮರುದಿನ ಮಣ್ಣು ತುಂಬಿ, ಹುಲ್ಲು ನೆಟ್ಟು, ಸರಿ ಮಾಡಿದೆ ಅಂದುಕೊಂಡೆ.

ಎರಡು ವರ್ಷ ಕಳೆದ ಮೇಲೆ ಆ ಬದಿಯ ಕೊಂಬೆಗಳ ತುದಿಯಲ್ಲಿ ಎಲೆ ತೆಳುವಾಯಿತು. ಆಮೇಲೆ ಒಣಗಿತು. ಮರಕ್ಕೆ ನೀರು, ಆಹಾರ ಎಳೆಯುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳಿನ ಆಚೆಗೂ ಹರಡಿರುತ್ತವೆ. ಒದ್ದೆ ಮಣ್ಣಿನ ಮೇಲೆ ಭಾರ ಬಿದ್ದರೆ ಒಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಬೇರಿಗೂ ಉಸಿರಾಟ ಬೇಕು. ಬಹುಪಾಲು ಹಾನಿ ಮೊದಲ ಒಂದೆರಡು ಸಲ ಗಾಲಿ ಹೋದಾಗಲೇ ಆಗಿಬಿಡುತ್ತದೆ, "ಒಂದೇ ಸಲ ತಾನೇ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಜಾಡು ಮುಚ್ಚಿದ್ದರಿಂದ ನಮ್ಮ ಕಣ್ಣಿಗೆ ಸರಿಹೋಗಿತ್ತು, ಬೇರಿಗೆ ಸರಿಹೋಗಿರಲಿಲ್ಲ.

ಅಣ್ಣ ಬಂದು ನೋಡಿದರು. ಬೈದರೆ ಸಮಾಧಾನ ಆಗುತ್ತಿತ್ತೇನೋ. ಬೈಯಲಿಲ್ಲ. ಗಟ್ಟಿಯಾದ ಜಾಗದಲ್ಲಿ ಸಣ್ಣ ಸಣ್ಣ ತೂತು ತೋಡಿ ಹುಡಿ ಗೊಬ್ಬರ ತುಂಬಿದೆವು. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿದೆವು, ಕಾಂಡಕ್ಕೆ ತಾಗಿದರೆ ಕೊಳೆಯುತ್ತದೆ ಅಂತ ಬುಡದ ಸುತ್ತ ಒಂದು ಗೇಣು ಬಿಟ್ಟು. ನೆರಳು ಬೀಳುವಷ್ಟು ಜಾಗಕ್ಕೆ ಹಗ್ಗ ಕಟ್ಟಿದೆವು. ಆ ಬದಿಯ ಮೂರು ಕೊಂಬೆ ಉಳಿಯಲಿಲ್ಲ, ಇಳಿಸಬೇಕಾಯಿತು. ಮರ ಉಳಿದಿದೆ. ಆ ಖಾಲಿ ಬದಿಯನ್ನು ನಾನು ದಿನಾ ನೋಡುತ್ತೇನೆ.

ಈಗ ಮಳೆ ಬಂದ ಮೇಲೆ ಲಾನಿಗೆ ಗಾಡಿ ಇಳಿಸುವ ಮುಂಚೆ ಒಂದು ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡುತ್ತೇನೆ. ಉಂಡೆಯಾಗಿ ಹಾಗೇ ನಿಂತರೆ ಗಾಡಿ ಇಲ್ಲ. ಬೆರಳಿನಿಂದ ತಟ್ಟಿದಾಗ ಉದುರಿದರೆ ಹದಕ್ಕೆ ಬಂದಿದೆ ಅಂತ. ಅರ್ಧ ತುಂಬಿದ ಟ್ಯಾಂಕರ್ ಬಗ್ಗೆಯೂ ಎಚ್ಚರ ಇರಲಿ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ನೀರು ಒಂದೇ ಕಡೆ ನುಗ್ಗುತ್ತದೆ. ತುಂಬಿದ ಟ್ಯಾಂಕರಿಗಿಂತ ಅದು ಜಾಸ್ತಿ ಎಳೆದಾಡುತ್ತದೆ.

ಇನ್ನು ಪಿಟಿಓ ಶಾಫ್ಟ್. ಪಂಪಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಟ್ರ್ಯಾಕ್ಟರಿನ ಹಿಂದಿನಿಂದ ಶಕ್ತಿ ಕೊಡುವ ಕೋಲು. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಟವೆಲ್ ತುದಿ ಸಿಕ್ಕಿದರೆ ಅಯ್ಯೋ ಅನ್ನುವಷ್ಟರಲ್ಲಿ ಹಲವು ಸುತ್ತು ಸುತ್ತಿ ಮನುಷ್ಯನನ್ನೇ ಎಳೆದುಕೊಂಡಿರುತ್ತದೆ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಗಾಡಿ ತೆಗೆಯಬೇಡಿ. ಮೇಲಿನವರು ಏನಂದರೂ ಸರಿ. ಹತ್ತಿರ ಹೋಗುವ ಮುಂಚೆ ಎಂಜಿನ್ ಆಫ್, ಕೀ ಜೇಬಿಗೆ, ಶಾಫ್ಟ್ ಪೂರ್ತಿ ನಿಂತಿದ್ದನ್ನು ಕಣ್ಣಾರೆ ನೋಡಿ. ಭುಜದ ಮೇಲೆ ಟವೆಲ್ ಹಾಕಿಕೊಳ್ಳುವ ಅಭ್ಯಾಸ ನಾನು ಆ ಕೆಲಸ ಕಲಿತ ದಿನವೇ ಬಿಟ್ಟೆ.

ಅಣ್ಣ ನಿವೃತ್ತರಾಗಿ ಹೋದರು. ಈಗ ಹೊಸ ಹುಡುಗ ಒಬ್ಬ ಬಂದಿದ್ದಾನೆ, ಲೈಸೆನ್ಸ್ ಇದೆ, ಕೈ ಚುರುಕು. ಎಂಟು ತಿಂಗಳು ಪೊರಕೆ ಹಿಡಿಸಲು ಈಗ ಜನ ಸಾಲದು, ಆದ್ದರಿಂದ ಮೂರು ತಿಂಗಳಿಗೇ ಟ್ಯಾಂಕರ್ ಕೀ ಕೇಳಿದ. ಕೊಡುತ್ತೇನೆ, ಮೊದಲು ಗುಲಾಬಿ ಪಾತಿಯವರೆಗೆ ದಾರಿ ನಡೆದು ಬಾ, ಏನು ಕಂಡಿತು ಹೇಳು ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ. ಕಾಲು ಗಂಟೆ ಬಿಟ್ಟು ಬಂದು, "ಅಣ್ಣಾ, ಚರಂಡಿ ಮೇಲಿನ ಚಪ್ಪಡಿ ನಡುವೆ ಬಿರುಕು ಬಿಟ್ಟಿದೆ, ನಿಂತರೆ ಕೆಳಗೆ ಟೊಳ್ಳು ಸದ್ದು ಬರುತ್ತೆ" ಅಂದ. ಹೋಗಿ ಕಾಲಿನಿಂದ ತಟ್ಟಿ ನೋಡಿದೆ. ನಿಜ. ಹಿಂದಿನ ವಾರ ಅದರ ಮೇಲೆ ನಾನೇ ತುಂಬಿದ ಟ್ಯಾಂಕರ್ ದಾಟಿಸಿದ್ದೆ. ಚಪ್ಪಡಿಯ ಎರಡೂ ಬದಿಗೆ ಕೋಲು ನೆಟ್ಟು ಕೆಂಪು ರಿಬ್ಬನ್ ಕಟ್ಟಿದೆವು. ಟ್ಯಾಂಕರನ್ನು ಗೇಟಿನ ಹತ್ತಿರದ ಗಟ್ಟಿ ದಾರಿಯಲ್ಲೇ ನಿಲ್ಲಿಸಿ, ಪೈಪಿಗೆ ಪೈಪು ಜೋಡಿಸಿ ಎಳೆದುಕೊಂಡು ಹೋಗಿ ಗುಲಾಬಿಗೆ ನೀರು ಹಾಕಿದೆವು. ಕತ್ತಲಾಗುವವರೆಗೂ ಹಿಡಿಯಿತು. ಮರುದಿನ ಬೆಳಿಗ್ಗೆ ಬಂದ ಕೂಡಲೇ ಟ್ರ್ಯಾಕ್ಟರ್ ಕೀ ಅವನ ಕೈಗೆ ಕೊಟ್ಟೆ.