ಆಟ ಕಟ್ಟುವ ಮಿಡ್‌ಫೀಲ್ಡರ್‌ನನ್ನು ಬೆಳೆಸುವ ಬಗೆ: ಅಮೆರಿಕದ ಅನುಭವ, ಮೈಸೂರು-ಮಂಡ್ಯದ ಮೈದಾನ

ಫುಟ್‌ಬಾಲ್ ತಂಡದಲ್ಲಿ ಓಡುವವರಿಗೂ ತಡೆಯುವವರಿಗೂ ಕೊರತೆಯಾಗುವುದಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಅದು ಮುಂದೆ ಯಾರಿಗೆ ಹೋಗಬೇಕೆಂದು ಕಂಡುಕೊಂಡಿರುವ, ಎದುರಾಳಿಗಳ ಸಾಲನ್ನು ಒಂದೇ ಪಾಸ್‌ನಲ್ಲಿ ಸೀಳಬಲ್ಲ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದ ಆಟಗಾರ, ಸಿಗುವುದು ಅಪರೂಪ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಹಾಯಬೇಕು ಎಂದು ನಿರ್ಧರಿಸುವ ನೀರುಗಂಟಿಯ ಕೆಲಸದಂಥದ್ದು ಆತನ ಕೆಲಸ. ಅಂಥ ಆಟಗಾರರನ್ನು ಅಮೆರಿಕ ಸಾಕಷ್ಟು ಬೆಳೆಸುತ್ತಿದೆಯೇ ಎಂಬ ಚರ್ಚೆ ಅಲ್ಲಿ ಬಹುಕಾಲದಿಂದ ನಡೆಯುತ್ತಿದೆ. ಹಣಕ್ಕೂ ಹುಲ್ಲಿನ ಮೈದಾನಕ್ಕೂ ಆಡುವ ಮಕ್ಕಳಿಗೂ ಬರವಿಲ್ಲದ ದೇಶಕ್ಕೆ ಈ ಒಂದು ವಿಷಯ ಏಕೆ ಕಷ್ಟವಾಯಿತೆಂದು ತಿಳಿದರೆ, ಇವು ಯಾವುವೂ ಹೇರಳವಾಗಿಲ್ಲದ ಮೈಸೂರು, ಮಂಡ್ಯದ ಶಾಲಾ ಮೈದಾನಗಳಲ್ಲಿ ನಾವು ಏನು ಮಾಡಬಹುದೆಂಬುದು ತಿಳಿಯಾಗುತ್ತದೆ. ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ದೈಹಿಕ ಶಿಕ್ಷಣ ಶಿಕ್ಷಕರನ್ನು, ತರಬೇತುದಾರರನ್ನು ಮತ್ತು ಪೋಷಕರನ್ನು ಉದ್ದೇಶಿಸಿ ಇದನ್ನು ಬರೆದಿದ್ದೇನೆ.

ಮೊದಲು ಅಮೆರಿಕದ ಸ್ಥಿತಿಯನ್ನು ನೋಡೋಣ. 2002ರ ವಿಶ್ವಕಪ್‌ನಲ್ಲಿ ಆ ದೇಶ ಕ್ವಾರ್ಟರ್‌ಫೈನಲ್ ತಲುಪಿದಾಗ ನಾಯಕನಾಗಿದ್ದ ಕ್ಲಾಡಿಯೊ ರೇನಾ ಟೂರ್ನಿಯ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದರು. ಅವರ ತಂದೆ ಅರ್ಜೆಂಟೀನಾದಿಂದ ವಲಸೆ ಬಂದ ಆಟಗಾರ. ಅವರಿಗಿಂತ ಮೊದಲು ಮಧ್ಯಮೈದಾನವನ್ನು ಆಳಿದ ಟ್ಯಾಬ್ ರಾಮೋಸ್ ಹುಟ್ಟಿದ್ದು ಉರುಗ್ವೆಯಲ್ಲಿ; ಬೆನ್ನಿ ಫೈಲ್‌ಹೇಬರ್ ಹುಟ್ಟಿದ್ದು ಬ್ರೆಜಿಲ್‌ನ ರಿಯೊದಲ್ಲಿ. ಸೃಜನಶೀಲರೆಂದು ಹೆಸರಾದ ಇಂಥ ಹಲವರಿಗೆ ಚೆಂಡಿನ ಜೊತೆಗಿನ ಸಲುಗೆ ಮನೆಯಿಂದಲೋ ಬೀದಿಯಿಂದಲೋ ಬಂದದ್ದು, ಸಂಘಟಿತ ತರಬೇತಿ ಕೇಂದ್ರದಿಂದ ಅಷ್ಟಾಗಿ ಬಂದದ್ದಲ್ಲ. 2022ರ ವಿಶ್ವಕಪ್‌ನಲ್ಲಿ ಟೈಲರ್ ಆ್ಯಡಮ್ಸ್, ವೆಸ್ಟನ್ ಮೆಕೆನ್ನಿ, ಯೂನುಸ್ ಮೂಸಾ ಅವರಿದ್ದ ಮಧ್ಯಸಾಲು ಚೆಂಡನ್ನು ಕಸಿಯುವುದರಲ್ಲಿ, ದಣಿವರಿಯದೆ ಓಡುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ನಾಲ್ಕು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಮೂರೇ ಗೋಲು. ಕ್ಲಾಡಿಯೊ ಅವರ ಮಗ, ತಂಡದಲ್ಲಿ ಆಟ ಕಟ್ಟುವ ಕಣ್ಣು ಎಲ್ಲರಿಗಿಂತ ಹೆಚ್ಚಾಗಿದ್ದ ಜಿಯೊವಾನಿ ರೇನಾ, ಎರಡು ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಮಾತ್ರ ಇಳಿದರು.

ದೇಶದೊಳಗಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್ ಕೂಡ ಈ ಸ್ಥಾನಕ್ಕೆ ಹೊರಗಿನವರನ್ನೇ ನೆಚ್ಚಿಕೊಂಡು ಬಂದಿದೆ. ಲೀಗ್ ಶುರುವಾದ 1996ರಲ್ಲಿ ಕೊಲಂಬಿಯಾದ ಕಾರ್ಲೋಸ್ ವಾಲ್ಡೆರಾಮಾ ಮತ್ತು ಬೊಲಿವಿಯಾದ ಮಾರ್ಕೊ ಎಚೆವೆರಿ ಬಂದರು. 2017ರಲ್ಲಿ ಡಿಯೆಗೊ ವಲೇರಿ, 2021ರಲ್ಲಿ ಕಾರ್ಲೆಸ್ ಗಿಲ್, 2023ರಲ್ಲಿ ಲೂಚೊ ಅಕೋಸ್ತ ಲೀಗ್‌ನ ಅತ್ಯುತ್ತಮ ಆಟಗಾರರಾದರು. 2023ರ ಜುಲೈನಲ್ಲಿ ಮೆಸ್ಸಿ ಮಯಾಮಿಗೆ ಬಂದರು. ಕ್ಲಬ್ಬಿನ ದೊಡ್ಡ ಸಂಬಳವೆಲ್ಲ ಇಂಥವರಿಗೆ ಹೋದಾಗ ಅದೇ ಸ್ಥಾನದ ಸ್ಥಳೀಯ ಹುಡುಗ ಅಂಚಿಗೋ ಹಿಂದಕ್ಕೋ ಸರಿಯುವುದು ಸಹಜ. ಆದ್ದರಿಂದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಪುರುಷರ ಆಟದಲ್ಲಿ ಅಮೆರಿಕ ಅಂಥವರನ್ನು ಸಾಕಷ್ಟು ಬೆಳೆಸಿಲ್ಲ. ಬೆಳೆಸಲಾರದ ದೇಶವೆಂದು ಮಾತ್ರ ಯಾರೂ ಹೇಳಲಾಗದು. ಒಹಾಯೊದ ಸಿನ್ಸಿನಾಟಿಯಲ್ಲಿ ಬೆಳೆದ ರೋಸ್ ಲವೆಲ್ 2019ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಮೈದಾನದ ನಡುವಿನಿಂದ ಚೆಂಡನ್ನು ತಾವೇ ಒಯ್ದು ಹೊಡೆದ ಗೋಲನ್ನು ನೋಡಿದವರಿಗೆ ಅದು ತಿಳಿದಿದೆ.

ಈಗ ನಮ್ಮ ಮೈದಾನಕ್ಕೆ ಬರೋಣ. ಕೆಲಸ ಶುರುವಾಗುವುದು ಆಯ್ಕೆಯಿಂದ. ಹನ್ನೆರಡನೆಯ ವಯಸ್ಸಿನಲ್ಲಿ ಎತ್ತರವಾಗಿ, ಗಟ್ಟಿಯಾಗಿ ಬೆಳೆದ ಮಕ್ಕಳು ತಾಲ್ಲೂಕು ಮಟ್ಟದ ಕ್ರೀಡಾಕೂಟವನ್ನು ಗೆದ್ದುಕೊಡುತ್ತಾರೆ. ಅವರನ್ನೇ ಆರಿಸುವ ಆಸೆ ಯಾವ ಶಿಕ್ಷಕರಿಗಾದರೂ ಇರುತ್ತದೆ. ಅಮೆರಿಕದ ಎಳೆಯರ ಆಟದ ಮೇಲೆ ಬಹಳ ಕಾಲದಿಂದ ಇರುವ ಆರೋಪವೂ ಇದೇ. ಸಣ್ಣ ಮೈಯ ಮಗು ತಳ್ಳಾಟದಲ್ಲಿ ಸೋಲುತ್ತದೆಂದು ಗೊತ್ತಿರುವುದರಿಂದಲೇ ಚೆಂಡನ್ನು ಬೇಗ ಬಿಡಲು, ಮೊದಲೇ ನೋಡಲು ಕಲಿಯುತ್ತದೆ, ಅಂಥ ಮಗುವನ್ನು ಕೈಬಿಟ್ಟರೆ ನಾವು ಹುಡುಕುತ್ತಿರುವುದನ್ನೇ ಕೈಬಿಟ್ಟಂತೆ. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು 2018ರಲ್ಲಿ ಗೆದ್ದ ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೊಡ್ರಿಚ್ ಬಾಲ್ಯದಲ್ಲಿ ತೀರ ಚಿಕ್ಕವನೆಂಬ ಕಾರಣಕ್ಕೆ ತಿರಸ್ಕಾರ ಕಂಡಿದ್ದರು. ಬೆಲ್ಜಿಯಂ ತಡವಾಗಿ ಬೆಳೆಯುವ ಹುಡುಗರಿಗೆಂದೇ ಬೇರೆ ರಾಷ್ಟ್ರೀಯ ತಂಡ ನಡೆಸಿತು. ಶಾಲೆಯ ಮಟ್ಟದಲ್ಲಿ ಅಷ್ಟು ದೊಡ್ಡ ಏರ್ಪಾಟು ಬೇಡ. ಹದಿನಾರು ಮಂದಿಯನ್ನು ಆರಿಸುವಾಗ ಮೂರು ಸ್ಥಾನಗಳನ್ನು ವೇಗವನ್ನಾಗಲಿ ಎತ್ತರವನ್ನಾಗಲಿ ನೋಡದೆ, ಚೆಂಡು ಬಂದಾಗ ಗಾಬರಿಯಾಗದ ಮಕ್ಕಳಿಗೆ ಮೀಸಲಿಟ್ಟರೆ ಸಾಕು.

ಎರಡನೆಯದು ಮೈದಾನದ ಅಳತೆ. ಹನ್ನೊಂದು ಮಂದಿಯ ತಂಡ ಕಟ್ಟಿ ಇಡೀ ಗ್ರೌಂಡಿನಲ್ಲಿ ಆಡಿಸಿದರೆ ಚಿಕ್ಕ ಮಗುವಿಗೆ ಚೆಂಡು ಸಿಗುವುದೇ ಅಪರೂಪ, ಸಿಕ್ಕಾಗಲೂ ಉದ್ದಕ್ಕೆ ಒದೆಯುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅಮೆರಿಕದ ಫುಟ್‌ಬಾಲ್ ಒಕ್ಕೂಟ ಇದನ್ನು ಅರಿತು 2017ರಲ್ಲಿ ನಿಯಮವನ್ನೇ ಬದಲಿಸಿತು: ಎಂಟು ವರ್ಷದೊಳಗಿನವರಿಗೆ ನಾಲ್ಕು ಮಂದಿಯ ತಂಡ, ಹತ್ತರೊಳಗೆ ಏಳು, ಹನ್ನೆರಡರೊಳಗೆ ಒಂಬತ್ತು. ಏಳು ಮಂದಿಯ ಆಟದಲ್ಲಿ ಇನ್ನೊಂದು ಒಳ್ಳೆಯ ಕಟ್ಟಳೆಯಿದೆ. ಗೋಲ್‌ಕೀಪರ್ ಕೈಯಲ್ಲಿ ಚೆಂಡಿರುವಾಗ ಎದುರಾಳಿಗಳು ನಿಗದಿತ ಗೆರೆಯ ಆಚೆಗೆ ಹಿಂದೆ ಸರಿಯಬೇಕು ಮತ್ತು ಕೀಪರ್ ಚೆಂಡನ್ನು ಎತ್ತಿ ಒದೆಯುವಂತಿಲ್ಲ. ಹೀಗಾಗಿ ಆಟ ಹಿಂದಿನಿಂದ, ಪಾಸ್‌ಗಳ ಮೂಲಕವೇ ಕಟ್ಟಿಕೊಂಡು ಬರಬೇಕಾಗುತ್ತದೆ. ಇದನ್ನು ನಾಳೆಯಿಂದಲೇ ನಮ್ಮ ಶಾಲೆಗಳಲ್ಲಿ ಜಾರಿಗೆ ತರಬಹುದು, ಒಂದು ರೂಪಾಯಿಯೂ ಖರ್ಚಿಲ್ಲ. ಸಂಜೆ ಹೊತ್ತು ಮೈದಾನದ ಮುಕ್ಕಾಲು ಪಾಲನ್ನು ಕ್ರಿಕೆಟ್ ಆಡುವವರು ಹಿಡಿದಿರುತ್ತಾರೆಂಬ ದೂರು ನಮ್ಮಲ್ಲಿ ಸಾಮಾನ್ಯ. ನಾಲ್ಕು ಮಂದಿಯ ಆಟಕ್ಕೆ ಮೂವತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲದ ಮೂಲೆ ಸಾಕು. ನೆಲ ಏರುಪೇರಾಗಿದ್ದರೆ ನಾಲ್ಕನೇ ಅಳತೆಯ ಚೆಂಡಿನಲ್ಲಿ ಗಾಳಿಯನ್ನು ಸ್ವಲ್ಪ ಇಳಿಸಿ. ಪುಟಿತ ಕಡಿಮೆಯಾಗಿ ಚೆಂಡು ಕಾಲಿನ ಹತ್ತಿರವೇ ಉಳಿಯುತ್ತದೆ. ದಕ್ಷಿಣ ಅಮೆರಿಕದ ಮಕ್ಕಳನ್ನು ಬೆಳೆಸಿದ, ಐವರ ತಂಡಗಳು ಚಿಕ್ಕ ಅಂಕಣದಲ್ಲಿ ಆಡುವ ಫುಟ್ಸಾಲ್‌ನಲ್ಲಿ ಕಡಿಮೆ ಪುಟಿಯುವ ಚೆಂಡನ್ನು ಬಳಸುವುದರ ಲಾಭವೂ ಇದೇ. ನಗರದ ಹೊಸ ಬಡಾವಣೆಗಳ ಟರ್ಫ್‌ಗಳಲ್ಲಿ ಐವರ ಆಟಕ್ಕೆ ಅವಕಾಶವಿದ್ದರೆ ಅದನ್ನೂ ಬಳಸಿಕೊಳ್ಳಿ.

ಇನ್ನು ನೋಟ. ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚೆಂಡು ಬರುವ ಮೊದಲು ಆಟಗಾರ ಎಷ್ಟು ಬಾರಿ ತಲೆ ತಿರುಗಿಸಿ ಸುತ್ತ ನೋಡುತ್ತಾನೆ ಎಂಬುದನ್ನು ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹೆಚ್ಚು ಬಾರಿ ನೋಡುವ ಮಿಡ್‌ಫೀಲ್ಡರ್‌ಗಳ ಪಾಸ್‌ಗಳು ಹೆಚ್ಚು ಸಲ ಗುರಿ ಮುಟ್ಟುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದನ್ನು ಅಭ್ಯಾಸ ಮಾಡಿಸುವುದು ಹೀಗೆ. ಹನ್ನೆರಡು ಹೆಜ್ಜೆಯ ಚೌಕಕ್ಕೆ ನಾಲ್ಕು ಕೋನ್ ಇಡಿ. ಎದುರುಬದುರು ಬದಿಗಳಲ್ಲಿ ಪಾಸ್ ಕೊಡುವವರು ಒಬ್ಬೊಬ್ಬರು, ನಡುವೆ ಕಲಿಯುವ ಮಗು, ಅದರ ಬೆನ್ನ ಹಿಂದೆ ಬಿಬ್ (ಗುರುತಿನ ಬಣ್ಣದ ಮೇಲಂಗಿ) ತೊಟ್ಟ ಎದುರಾಳಿ. ಚೆಂಡು ಹೊರಡುವ ಹೊತ್ತಿಗೆ ಎದುರಾಳಿ ಕೆಲವೊಮ್ಮೆ ಬೆನ್ನಿಗೆ ಅಂಟಿಕೊಳ್ಳಬೇಕು, ಕೆಲವೊಮ್ಮೆ ದೂರವೇ ನಿಲ್ಲಬೇಕು. ನಡುವಿನ ಮಗು ಚೆಂಡನ್ನು ಮುಟ್ಟುವ ಮೊದಲೇ, ಎದುರಾಳಿ ದೂರವಿದ್ದರೆ ‘ಟರ್ನ್’, ಬೆನ್ನಿಗಿದ್ದರೆ ‘ಮ್ಯಾನ್’ ಎಂದು ಕೂಗಿ, ಮೊದಲನೆಯದಾದರೆ ತಿರುಗಿ ಆಚೆ ಬದಿಗೆ, ಎರಡನೆಯದಾದರೆ ಚೆಂಡು ಕೊಟ್ಟವರಿಗೇ ಮರಳಿ ಪಾಸ್ ಕೊಡಬೇಕು.

ಇಲ್ಲಿ ಹತ್ತಿರ ನಿಂತು ಎರಡು ವಿಷಯಗಳನ್ನು ಗಮನಿಸಿ. ಬಹುಪಾಲು ಮಕ್ಕಳು ಪಾಸ್ ಹೊರಟ ಮೇಲೆ ಒಮ್ಮೆ ಹೆಗಲ ಮೇಲಿಂದ ನೋಡಿ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕಣ್ಣು ಚೆಂಡಿಗೆ ಅಂಟಿರುತ್ತದೆ. ಮೊದಲ ನೋಟ ಚೆಂಡು ಇನ್ನೊಬ್ಬರ ಕಾಲಿನಲ್ಲಿರುವಾಗಲೇ ಆಗಬೇಕು, ಎರಡನೆಯದು ಅದು ಉರುಳಿ ಬರುವಾಗ. ಎರಡನೆಯ ವಿಷಯ ಸೊಂಟ. ಪಾಸ್ ಕೊಡುವವರಿಗೆ ನೇರವಾಗಿ ಮುಖ ಮಾಡಿ ನಿಂತ ಮಗು ಮರಳಿ ಒದೆಯುವುದನ್ನು ಬಿಟ್ಟು ಬೇರೇನೂ ಮಾಡಲಾರದು. ದೇಹವನ್ನು ಅರ್ಧ ತೆರೆದು, ಎರಡೂ ಬದಿ ಕಾಣುವಂತೆ ಓರೆಯಾಗಿ ನಿಂತು, ಹತ್ತಿರದ ಕಾಲನ್ನು ದಾಟಿ ಬರುವ ಚೆಂಡನ್ನು ದೂರದ ಕಾಲಿನ ಒಳಬದಿಯಿಂದ ತೆಗೆದುಕೊಂಡರೆ ಮೊದಲ ಸ್ಪರ್ಶದಲ್ಲೇ ಆಟ ಮುಂದಕ್ಕೆ ತಿರುಗಿರುತ್ತದೆ. ಪ್ರತಿ ತರಬೇತಿಯ ಆರಂಭದಲ್ಲಿ ಹತ್ತು ನಿಮಿಷ ಇದನ್ನು ತಪ್ಪದೆ ಮಾಡಿಸಿ. ನಾಲ್ವರು ಸುತ್ತ ನಿಂತು ನಡುವಿನ ಒಬ್ಬನಿಂದ ಚೆಂಡನ್ನು ಕಾಯುವ ರೊಂಡೊ ಆಟವೂ ಒಳ್ಳೆಯದೇ, ಆದರೆ ಅದರಲ್ಲಿ ಮುಂದೆ ಹಿಂದೆ ಎಂಬ ದಿಕ್ಕೇ ಇಲ್ಲ. ಎರಡು ಬದಿಗೆ ಸಣ್ಣ ಗೋಲುಗಳನ್ನಿಟ್ಟು, ಐದು ಪಾಸ್ ಆದ ಮೇಲೆ ಯಾವುದಾದರೂ ಗೋಲಿಗೆ ಹೊಡೆಯಬಹುದೆಂದರೆ, ಚೆಂಡನ್ನು ಕಾಯುವುದರ ಜೊತೆಗೆ ಸಂದು ಹುಡುಕುವುದನ್ನೂ ಮಕ್ಕಳು ಕಲಿಯುತ್ತಾರೆ.

ಪಂದ್ಯ ನಡೆಯುವಾಗ ಬದಿಯಲ್ಲಿ ನಿಂತವರ ಬಾಯಿಗೆ ಹಿಡಿತ ಬೇಕು. ‘ಪಾಸ್ ಮಾಡು’, ‘ಹೊಡಿ’, ‘ಕ್ಲಿಯರ್ ಮಾಡು’ ಎಂದು ಪ್ರತಿ ಕ್ಷಣ ಕೂಗುವ ತರಬೇತುದಾರ ಮಗುವಿನ ತೀರ್ಮಾನವನ್ನು ತಾನೇ ತೆಗೆದುಕೊಳ್ಳುತ್ತಾನೆ, ತೀರ್ಮಾನಿಸಿ ರೂಢಿಯಿಲ್ಲದ ಮಗು ಎಂದಿಗೂ ಆಟ ಕಟ್ಟುವ ಪ್ಲೇಮೇಕರ್ ಆಗುವುದಿಲ್ಲ. ಅಮೆರಿಕದಲ್ಲಿ ಕುಟುಂಬಗಳು ದೊಡ್ಡ ಶುಲ್ಕ ತೆತ್ತು ಮಕ್ಕಳನ್ನು ಕ್ಲಬ್ಬಿಗೆ ಸೇರಿಸುತ್ತವೆ. ಹಣ ಕೊಟ್ಟವರಿಗೆ ಗೆಲುವು ಬೇಕು, ಗೆಲುವು ಬೇಕಾದ ತರಬೇತುದಾರನಿಗೆ ಅಪಾಯವಿಲ್ಲದ ಪಾಸ್ ಬೇಕು. ಮೈಸೂರಿನಲ್ಲೂ ಶುಲ್ಕದ ಅಕಾಡೆಮಿಗಳು ಹೆಚ್ಚುತ್ತಿರುವುದರಿಂದ ಈ ಎಚ್ಚರ ಈಗಲೇ ಬೇಕು. ಹದಿನಾಲ್ಕರೊಳಗಿನ ಪಂದ್ಯಗಳಲ್ಲಿ ಮೊದಲಾರ್ಧ ಪೂರ್ತಿ ಸುಮ್ಮನಿದ್ದು, ವಿರಾಮದಲ್ಲಿ ‘ಆ ಪಾಸ್ ಕೊಟ್ಟಾಗ ನಿನಗೆ ಏನು ಕಂಡಿತಪ್ಪಾ?’ ಎಂದು ಕೇಳಿ. ಉತ್ತರ ಸರಿಯಾಗಿದ್ದು ಕಾಲು ತಪ್ಪಿದ್ದರೆ ಹೊಗಳಿ. ಅಂಕಣದ ಹೊರಗೆ ಒಬ್ಬರು ನೋಟ್‌ಬುಕ್ ಹಿಡಿದು, ಎದುರಾಳಿಗಳ ಒಂದು ಸಾಲನ್ನು ದಾಟಿದ ಪಾಸ್‌ಗಳನ್ನು ಮಾತ್ರ ಗುರುತು ಹಾಕಲಿ. ಗೋಲು ಹೊಡೆದವರ ಹೆಸರಿನ ಜೊತೆ ಆ ಪಟ್ಟಿಯನ್ನೂ ಪಂದ್ಯ ಮುಗಿದ ಮೇಲೆ ಓದಿ ಹೇಳಿ. ತಾನು ಮಾಡಿದ್ದಕ್ಕೂ ಲೆಕ್ಕವಿದೆಯೆಂದು ಮಧ್ಯದಲ್ಲಿ ಆಡುವ ಮಗುವಿಗೆ ಗೊತ್ತಾಗಬೇಕು.

ಸ್ಥಾನದ ಬಗ್ಗೆ ಒಂದು ಮಾತು. ಫಾರ್ವರ್ಡ್‌ಗಳ ಹಿಂದೆ ನಿಂತು ಆಡುವ ಹಳೆಯ ಹತ್ತನೇ ನಂಬರಿನ ಪಾತ್ರ ಜಗತ್ತಿನೆಲ್ಲೆಡೆ ಕುಗ್ಗಿದೆ. ಈಗ ಆಟವನ್ನು ಹಿಂದಿನಿಂದಲೋ ಅಂಚಿನಿಂದಲೋ ಕಟ್ಟುವವರೇ ಹೆಚ್ಚು. ಅಮೆರಿಕದ ಕ್ರಿಶ್ಚಿಯನ್ ಪುಲಿಸಿಕ್ ಅಂಚಿನಲ್ಲಿ ಆಡುತ್ತಲೇ ಗೋಲುಗಳನ್ನು ಕಟ್ಟಿಕೊಟ್ಟವರು. ಆದ್ದರಿಂದ ಮಗುವನ್ನು ಒಂದೇ ಜಾಗಕ್ಕೆ ಕಟ್ಟಿಹಾಕದೆ, ವರ್ಷದಲ್ಲಿ ಮೂರ್ನಾಲ್ಕು ಸ್ಥಾನಗಳಲ್ಲಿ ಆಡಿಸಿ.

ಕೊನೆಯದಾಗಿ ಪೋಷಕರೊಂದಿಗೆ ಮಾತನಾಡಬೇಕಾದ ವಿಷಯ. ಪುಲಿಸಿಕ್‌ಗೆ ಅಜ್ಜನ ಕಡೆಯಿಂದ ಕ್ರೊಯೇಷಿಯಾದ ಪೌರತ್ವ ಸಿಕ್ಕಿದ್ದರಿಂದ ಹದಿನಾರಕ್ಕೇ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಆಡಲು ಸಾಧ್ಯವಾಯಿತು; ಅವರ ಓರಗೆಯ ಬಹಳಷ್ಟು ಅಮೆರಿಕನ್ನರು ಕಾಲೇಜು ಫುಟ್‌ಬಾಲ್‌ನ ದಾರಿ ಹಿಡಿದರು. ಅಲ್ಲಿ ಪಂದ್ಯಗಳ ಋತು ಚಿಕ್ಕದು, ಹೊರಬಂದ ಆಟಗಾರ ಮತ್ತೆ ಒಳಗಿಳಿಯಬಹುದಾದ್ದರಿಂದ ಯೋಚಿಸಿ ಆಡುವವನಿಗಿಂತ ಬಿರುಸಾಗಿ ಓಡುವವನಿಗೇ ಬೆಲೆ. ನಮ್ಮಲ್ಲಿ ಆಟ ನಿಲ್ಲುವುದು ಇನ್ನೂ ಮೊದಲು, ಒಂಬತ್ತನೇ ತರಗತಿಯಲ್ಲಿ, ಎಸ್ಸೆಸ್ಸೆಲ್ಸಿ ಟ್ಯೂಷನ್ನಿನ ಜೊತೆಗೆ. ಓದನ್ನು ಬಿಡಿ ಎಂದು ಯಾವ ತಂದೆತಾಯಿಗೂ ಹೇಳಬಾರದು, ಹೇಳಿದರೆ ಮಗು ಮರುದಿನವೇ ಮೈದಾನಕ್ಕೆ ಬರುವುದು ನಿಲ್ಲುತ್ತದೆ. ಆ ಎರಡು ವರ್ಷ ಟೂರ್ನಿಗಳನ್ನು ಕೈಬಿಟ್ಟು, ವಾರಕ್ಕೆ ಎರಡು ದಿನ ಬೆಳಿಗ್ಗೆ ಆರರಿಂದ ಮುಕ್ಕಾಲು ಗಂಟೆ ನಾಲ್ವರ ಆಟವನ್ನು ಮಾತ್ರ ಉಳಿಸಿಕೊಡಿ ಎಂದು ಕೇಳಿ. ಮಗು ಏಳೂವರೆಗೆ ಮನೆಯಲ್ಲಿರುತ್ತದೆ, ಶಾಲೆಗೂ ಟ್ಯೂಷನ್ನಿಗೂ ಹೊತ್ತು ತಪ್ಪುವುದಿಲ್ಲ ಎಂದು ವೇಳಾಪಟ್ಟಿಯನ್ನು ಬರೆದು ಅವರ ಕೈಗೆ ಕೊಡಿ. ಪರೀಕ್ಷೆಯ ತಿಂಗಳಿನಲ್ಲಿ ಪೂರ್ತಿ ರಜೆ ಎಂಬುದನ್ನೂ ಅದರಲ್ಲೇ ಬರೆಯಿರಿ.