ಆರು ವರ್ಷ ತಪ್ಪಾಗಿ ಬರೆದ ಒಂದು ಸಾಲು

ಹಾಸನದ ಕಡೆ ಒಂದು ಕಾಫಿ ರಫ್ತು ಕಚೇರಿಯಲ್ಲಿ ನನ್ನ ಕೆಲಸ. ದಿನವಿಡೀ ಮೇಲ್ ಬರೆಯುವುದೇ. ಪ್ರತಿ ಮೇಲಿನ ಕೊನೆಗೆ ತಪ್ಪದೆ ಒಂದು ಸಾಲು: 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು'. ಸೇರಿದ ಹೊಸದರಲ್ಲಿ ಯಾರದೋ ಹಳೇ ಮೇಲ್‌ನಿಂದ ಎತ್ತಿಕೊಂಡಿದ್ದು. ಆರು ವರ್ಷ ಹಾಗೇ ನಡೆಯಿತು.

ಒಂದು ಸಲ ಇಟಲಿಯ ಗಿರಾಕಿಯೊಬ್ಬರು 'ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ದ ಸ್ಯಾಂಪಲ್ಸ್' ಅಂತ ಬರೆದರು. ರಿಸೀವ್ ಅಲ್ಲ, ರಿಸೀವಿಂಗ್. ಪಾಪ, ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದುಕೊಂಡೆ. ಆಮೇಲೆ ಸುಮ್ನೆ ಡಿಕ್ಷನರಿ ತೆಗೆದು ನೋಡಿದರೆ ತಪ್ಪು ನನ್ನದೇ!

'ಟು' ಬಂದರೆ ಅದರ ಮುಂದೆ ಬರೀ ಕ್ರಿಯಾಪದ ಅಂತ ಶಾಲೆಯಲ್ಲಿ ತಲೆಗೆ ತುಂಬಿದ್ದರು. 'ಐ ವಾಂಟ್ ಟು ಗೋ' ಅನ್ನುವಾಗ ಅದು ಸರಿಯೇ. ಆದರೆ ಇಲ್ಲಿರುವ 'ಟು' ಬೇರೆ. 'ಐ ವೆಂಟ್ ಟು ಮೈಸೂರು' ಅನ್ನುವಾಗ ಬರುತ್ತದಲ್ಲ, ಆ 'ಟು'. ಅದರ ಮುಂದೆ ಒಂದು ಹೆಸರು ಬೇಕು: ಮೈಸೂರು, ಮೀಟಿಂಗ್, ರಜೆ, ಏನಾದರೂ. ಕ್ರಿಯಾಪದವನ್ನೇ ತರಬೇಕೆಂದರೆ 'ಇಂಗ್' ಹಚ್ಚಿ ಅದನ್ನು ಹೆಸರು ಮಾಡಿಕೊಳ್ಳಬೇಕು.

ನಿಜ ಹೇಳಬೇಕೆಂದರೆ ಇದು ನನಗೆ ಅರ್ಥವಾಗಿದ್ದು ಕನ್ನಡದಿಂದ. 'ಎದುರು ನೋಡುತ್ತಿದ್ದೇನೆ' ಅಂದರೆ 'ಏನನ್ನು?' ಅಂತ ಕೇಳುತ್ತೇವೆ, ಅಲ್ವಾ? ನಿಮ್ಮ ಪತ್ರವನ್ನು. ನೀವು ಬರುವುದನ್ನು. ಆ 'ಬರುವುದು' ಮಾಡುವ ಕೆಲಸವನ್ನೇ ಅಲ್ಲಿ 'ಇಂಗ್' ಮಾಡುತ್ತದೆ.

ಈಗಲೂ ಅನುಮಾನ ಬಂದರೆ ಕ್ರಿಯಾಪದ ತೆಗೆದು 'ಇಟ್' ಹಾಕಿ ನೋಡುತ್ತೇನೆ. 'ಲುಕಿಂಗ್ ಫಾರ್ವರ್ಡ್ ಟು ಇಟ್' ಸರಿಯಾಗಿ ಕೂರುತ್ತದೆ. ಹಾಗಾದರೆ 'ಹಿಯರಿಂಗ್'. 'ಐ ವಾಂಟ್ ಟು ಇಟ್' ಕೂರಲ್ಲ, ಅಲ್ಲಿ 'ಇಂಗ್' ಬೇಡ. 'ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ' ಅನ್ನುವುದಕ್ಕೂ ಇದೇ ಪರೀಕ್ಷೆ ನಡೆಯುತ್ತದೆ.

ವ್ಯಾಕರಣ ಸರಿಯಾದ ಮೇಲೂ ಒಮ್ಮೆ ಎಡವಿದೆ. ನಮ್ಮ ಮ್ಯಾನೇಜರ್‌ಗೆ ಮಂಡಿ ಆಪರೇಷನ್ ಇತ್ತು. ಒಳ್ಳೆ ಮನಸ್ಸಿನಿಂದಲೇ 'ಲುಕಿಂಗ್ ಫಾರ್ವರ್ಡ್ ಟು ಯುವರ್ ಸರ್ಜರಿ' ಅಂತ ಬರೆದುಬಿಟ್ಟೆ. 'ನನ್ನ ಕಾಲು ಕೊಯ್ಯೋದು ನಿನಗೆ ಅಷ್ಟೊಂದು ಖುಷಿನಾ ಮಾರಾಯ?' ಅಂತ ಫೋನ್ ಮಾಡಿ ನಕ್ಕರು. ಈ ಮಾತಿನಲ್ಲಿ ಬರೀ ಕಾಯುವುದಿಲ್ಲ, ಸಂತೋಷದಿಂದ ಕಾಯುವುದಿದೆ. ಅವರು ಕೆಲಸಕ್ಕೆ ವಾಪಸ್ ಬರುವುದರ ಬಗ್ಗೆ ಬರೆಯಬೇಕಿತ್ತು.

'ಐ ಲುಕ್ ಫಾರ್ವರ್ಡ್' ಅಂದರೆ ಸ್ವಲ್ಪ ಗಂಭೀರ, ಹೊಸ ಗಿರಾಕಿಗೆ ಅದು ಸರಿ. ಪರಿಚಯದವರಿಗೆ 'ಐ ಆಮ್ ಲುಕಿಂಗ್' ಸಾಕು.

ದುಡ್ಡು ಬಾಕಿ ಇದ್ದಾಗ ಮಾತ್ರ ಎರಡೂ ಬೇಡ. 'ಲುಕಿಂಗ್ ಫಾರ್ವರ್ಡ್ ಟು ಯುವರ್ ಪೇಮೆಂಟ್' ಅಂತ ಬರೆದು ತಿಂಗಳುಗಟ್ಟಲೆ ಕಾದಿದ್ದೇನೆ. ಈಗ 'ಪ್ಲೀಸ್ ಪೇ ಬೈ' ಅಂತ ಬರೆದು ಮುಂದೆ ತಾರೀಕು ಹಾಕುತ್ತೇನೆ.