ಕುದುರೆ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ

ಜತ್ತ, ಅಕ್ಕಲಕೋಟ ಕಡೆಯಿಂದ ದತ್ತ ಜಯಂತಿಯ ಸಾರಂಗಖೇಡಾ ಜಾತ್ರೆಗೆ ಕುದುರೆ ಒಯ್ಯುವ ಅಣ್ಣಂದಿರಿಗೆ ಒಂದು ಮಾತು. ಲಾರಿ ಕೆಟ್ಟರೆ ಗಾಬರಿಯಲ್ಲಿ ಹೆದ್ದಾರಿ ಪಕ್ಕದಲ್ಲೇ ಕುದುರೆ ಇಳಿಸಬೇಡಿ. ಹಾರ್ನ್ ಸದ್ದಿಗೆ ಬೆದರಿ ಓಡಿದರೆ ಹಿಡಿಯುವುದು ಕಷ್ಟ. ಗಾಳಿಯಾಡಲು ತಾಡಪತ್ರಿ ಸರಿಸಿ, ಹಗ್ಗ ಸಡಿಲಿಸಿ. ತಲೆ ಎತ್ತರಕ್ಕೆ ಕಟ್ಟಿದ ಕುದುರೆಗೆ ಗಂಟಲಿನ ಕಸ ಹೊರಹಾಕಲು ಆಗುವುದಿಲ್ಲ, ಮುಂದೆ ಅದೇ ಶ್ವಾಸಕೋಶದ ಸೋಂಕಾಗುತ್ತದೆ. ತಲೆ ತಗ್ಗಿಸಲು ಬಿಡಿ, ಇದು ಬಹಳ ಮುಖ್ಯ.

ನೀರು ಮನೆಯಿಂದಲೇ ಕ್ಯಾನಿನಲ್ಲಿ ತುಂಬಿಕೊಳ್ಳಿ. ರುಚಿ ಬೇರೆಯಾದರೆ ಕೆಲವು ಕುದುರೆಗಳು ಬಾಯಿಡುವುದಿಲ್ಲ, ನೀರು ಕಡಿಮೆಯಾದರೆ ಹೊಟ್ಟೆಶೂಲೆ ಬರುತ್ತದೆ. ಪದೇ ಪದೇ ಹೊಟ್ಟೆಯತ್ತ ತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಲದ್ದಿ ಹಾಕದಿರುವುದು ಅದರ ಗುರುತು. ಆಗ ಮೇವು, ಕಾಳು ಪೂರ್ತಿ ನಿಲ್ಲಿಸಿ ಪಶುವೈದ್ಯರಿಗೆ ಫೋನ್ ಮಾಡಿ. ಬಾಟಲಿಯಿಂದ ಎಣ್ಣೆ ಕುಡಿಸುವುದು ದಯವಿಟ್ಟು ಬೇಡ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾಡಿ ನಿಮಿಷಕ್ಕೆ 28ರಿಂದ 44 ಸಹಜ. ಸುಮ್ಮನೆ ನಿಂತಾಗಲೂ 60 ದಾಟಿದ್ದರೆ ಅದನ್ನು ಫೋನಿನಲ್ಲೇ ಮೊದಲು ಹೇಳಿ.

ಆರೋಗ್ಯ ಪ್ರಮಾಣಪತ್ರ ಕುದುರೆ ಜೊತೆಗಿರುವವರ ಜೇಬಿನಲ್ಲೇ ಇರಲಿ. ಲಾರಿ ಬದಲಿಸಿದಾಗ ಅದು ಹಳೆ ಗಾಡಿಯಲ್ಲಿ ಉಳಿಯಬಾರದು.